ಕಪ್ಪು ಪರದೆಯ ತೂಕದಕ್ಕ

ಲಾರಿ ತೂಗುವ ಆ ಗಾಜಿನ ಗೂಡಿನಲ್ಲಿ ಒಬ್ಬರು ಕೂತರೆ ಅವರ ನೆರಳು ಹೊರಗೆ ನಿಂತು ಕಾಯಬೇಕು, ಅಷ್ಟು ವಿಶಾಲ. ಒಂದು ಮೇಜು, ಒಂದು ಹಳೇ ಕಂಪ್ಯೂಟರು, ಕರಕರ ಎನ್ನುವ ಪ್ರಿಂಟರು, ಕೆಂಪು ಅಂಕಿ ತೋರಿಸುವ ತೂಕದ ಪೆಟ್ಟಿಗೆ, ಒಂದು ಕುರ್ಚಿ, ಕುರ್ಚಿಯ ಮೇಲೆ ತೂಕದಕ್ಕ. ಇಷ್ಟನ್ನು ಒಳಗಿಟ್ಟ ಮೇಲೆ ಬಾಗಿಲು ಹಾಕಬೇಕೆಂದರೆ ಆಕೆ ಉಸಿರು ಒಳಗೆಳೆದುಕೊಳ್ಳಬೇಕಾಗಿತ್ತು. ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಬೇಸಿಗೆಯಲ್ಲಿ ಹಿಂಡದೆ ತಂದ ಒದ್ದೆ ಟವೆಲು ಹೊಸ್ತಿಲು ದಾಟುವಷ್ಟರಲ್ಲಿ ರಟ್ಟಿನ ಹಾಗೆ ಸೆಟೆದು, ಗೋಡೆಗೆ ಒರಗಿಸಿದರೆ ನಿಲ್ಲುತ್ತಿತ್ತು.

ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಕರೆಯುವವರಿಲ್ಲದೆ ಅದು ತುಕ್ಕು ಹಿಡಿದು ಎಲ್ಲೋ ಬಿದ್ದಿತ್ತು. ಲಾರಿ ಚಾಲಕರಿಗೆ, ಹಮಾಲಿಗಳಿಗೆ, ಗೋದಾಮಿನ ಮೇಸ್ತ್ರಿಗೆ, ಕೊನೆಗೆ ಹಾಲು ಹಾಕುವವನಿಗೂ ಅವಳು ತೂಕದಕ್ಕ.

ಕೆಲಸ ಹೇಳುವುದಕ್ಕೆ ಸುಲಭ. ಜೋಳ ತುಂಬಿದ ಲಾರಿ ಬಂದು ಗೂಡಿನ ಮುಂದಿನ ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತದೆ. ತೂಕದಕ್ಕ ತೂಕ ಹಿಡಿಯುತ್ತಾಳೆ. ಲಾರಿ ಒಳಗೆ ಹೋಗಿ ಜೋಳ ಇಳಿಸಿ, ಖಾಲಿಯಾಗಿ ಮತ್ತೆ ಅದೇ ಹಲಗೆಗೆ ಬರುತ್ತದೆ. ಮತ್ತೊಮ್ಮೆ ತೂಕ. ಒಂದರಿಂದ ಒಂದು ಕಳೆದರೆ ಜೋಳದ ಲೆಕ್ಕ ಸಿಕ್ಕಿತು. ಚೀಟಿ ಹೊಡೆದು ಗಾಜಿನ ಕೆಳಗಿನ ಕಿಂಡಿಯಿಂದ ದೂಡಿದರೆ ಆ ಲಾರಿಯ ಕಾಟ ಮುಗಿಯಿತು, ಹಿಂದಿನ ಲಾರಿಯ ಕಾಟ ಶುರುವಾಯಿತು. ಬೆಳಗ್ಗೆಯಿಂದ ಸಂಜೆಯವರೆಗೆ ಇದೇ. ನಡುವೆ ಎದ್ದು ಕೈಕಾಲು ಆಡಿಸಿ ಬರೋಣ ಎಂದರೆ ಸಾಲಿನಲ್ಲಿರುವ ಲಾರಿಗಳೆಲ್ಲ ಹಾರ್ನು ಒತ್ತಿ ಆಕಾಶದ ಹಕ್ಕಿಗಳಿಗೆ ದಾರಿ ತಪ್ಪಿಸುತ್ತಿದ್ದವು.

ಹಿಂದೆ ಹೀಗಿರಲಿಲ್ಲ, ಇನ್ನೂ ಹದಗೆಟ್ಟಿತ್ತು. ಆ ಕಂಪ್ಯೂಟರಿಗೆ ಇದ್ದದ್ದು ಐನೂರ ಹನ್ನೆರಡು ಎಂಬಿ ಮೆಮೊರಿ. ಈಗಿನ ಕಾಲದ ಫೋನಿಗೆ ಆಕಳಿಸುವುದಕ್ಕೇ ಅದಕ್ಕಿಂತ ಹೆಚ್ಚು ಬೇಕು. ಬೆಳಗ್ಗೆ ಗುಂಡಿ ಒತ್ತಿದರೆ ಅದು ಕಣ್ಣು ಬಿಡುವಷ್ಟರಲ್ಲಿ ಲಾರಿಯೊಳಗಿನ ಜೋಳ ಮೊಳಕೆಯೊಡೆದು, ತೆನೆ ಹಿಡಿದು, ಕೊಯ್ಲಿಗೆ ಬಂದು, ಲಾರಿ ತೂಕ ಹೆಚ್ಚಾಗುತ್ತಿತ್ತು ಎಂದು ಚಾಲಕರು ಆಡಿಕೊಳ್ಳುತ್ತಿದ್ದರು. ಒಬ್ಬ ಚಾಲಕನಂತೂ ಚೀಟಿಗೆ ಕಾಯುತ್ತ ಕಾಯುತ್ತ ಎಷ್ಟು ಉದ್ದದ ಗಡ್ಡ ಬಿಟ್ಟನೆಂದರೆ, ಮನೆಗೆ ಹೋದಾಗ ಅವನದೇ ನಾಯಿ ಅವನನ್ನು ಬೀದಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಯಿತು.

"ಹೊಸದು ಕೊಡಿಸಿ ಯಜಮಾನ್ರೆ" ಎಂದು ಕೇಳಿದಾಗಲೆಲ್ಲ ಯಜಮಾನರು ಕಂಪ್ಯೂಟರಿನ ಬೆನ್ನು ತಿರುಗಿಸಿ, ತೂಕದ ಪೆಟ್ಟಿಗೆಯ ದಪ್ಪ ತಂತಿ ಸೇರುವ ಜಾಗ ತೋರಿಸುತ್ತಿದ್ದರು.

"ನೋಡು ತಾಯಿ, ಈ ತೂತು ಹೊಸ ಕಂಪ್ಯೂಟರಲ್ಲಿ ಇರಲ್ಲ. ತೂತಿಲ್ಲದ ಕಂಪ್ಯೂಟರ್ ತಗೊಂಡು ಏನ್ ಮಾಡೋಣ?"

ಹೊಸದಕ್ಕೂ ತಂತಿ ಸೇರಿಸುವ ಉಪಾಯ ಇತ್ತು. ಆದರೆ ಅದನ್ನು ಕೇಳಿಸಿಕೊಳ್ಳುವ ತೂತು ಯಜಮಾನರ ಕಿವಿಯಲ್ಲಿರಲಿಲ್ಲ.

ಕೊನೆಗೆ ಪೇಟೆಯಿಂದ ರಿಪೇರಿಯವನು ಬಂದ. ಕಂಪ್ಯೂಟರನ್ನು ಒಂದು ಸುತ್ತು ನೋಡಿ, "ಇದನ್ನ ಕೆರೆಗೆ ಎಸೀರಿ. ಮೀನುಗಳಿಗೆ ಏನಾದ್ರೂ ಆದ್ರೆ ನಾನು ಜವಾಬ್ದಾರ ಅಲ್ಲ" ಎಂದ. ಆಮೇಲೆ ಅವಳ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದ. "ಇದರಲ್ಲಿ ಲಿನಕ್ಸ್ ಇದೆ, ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್. ತುಂಬಾ ಹಗುರದ್ದು. ಹಾಕಿ ನೋಡೋಣ." ಹಾಕಿದ. ತೂಕದ ಪೆಟ್ಟಿಗೆಯಿಂದ ಅಂಕಿ ಎತ್ತಿಕೊಂಡು ಚೀಟಿ ಹೊಡೆಯುವ ಒಂದು ಪುಟಾಣಿ ಪ್ರೋಗ್ರಾಮನ್ನೂ ಬರೆದುಕೊಟ್ಟ. ಹೋಗುವಾಗ ಒಂದು ತಪ್ಪು ಮಾಡಿದ: "ಏನಾದ್ರೂ ಬೇಕಾದ್ರೆ ಫೋನ್ ಮಾಡಿ" ಎಂದ. ತೂಕದಕ್ಕ ಮಾಡಿದಳು. ಮೊದಮೊದಲು ಅವನು ಅಣ್ಣನ ಹಾಗೆ ಮಾತಾಡಿದ, ಆಮೇಲೆ ಮೇಷ್ಟ್ರ ಹಾಗೆ, ಆಮೇಲೆ ಜ್ವರ ಬಂದವನ ಹಾಗೆ. ಕೊನೆಗೆ ನಂಬರ್ ಬದಲಿಸಿದ. ಊರೇ ಬದಲಿಸಿದ ಎಂದೂ ಸುದ್ದಿಯಿತ್ತು.

ಅಷ್ಟರಲ್ಲಿ ತೂಕದಕ್ಕನಿಗೆ ಹುಚ್ಚು ಹಿಡಿದಾಗಿತ್ತು. ಕಂಪ್ಯೂಟರಿನೊಳಗೆ ಯಾರು ಯಾರು ಎಷ್ಟೆಷ್ಟು ಮೆಮೊರಿ ನುಂಗುತ್ತಾರೆಂದು ತೋರಿಸುವ ಪಟ್ಟಿಯೊಂದನ್ನು ತೆರೆಯಲು ಕಲಿತಿದ್ದಳು. ದಂಡಪಿಂಡಗಳನ್ನು ಮನೆಯಿಂದ ಹೊರಗೆ ಹಾಕುವ ಹಟದಲ್ಲಿ ಕೂತಳು. ಬ್ಲೂಟೂತ್ ನೋಡಿಕೊಳ್ಳಲು ಒಬ್ಬನಿದ್ದ. ಆ ಕಂಪ್ಯೂಟರಿಗೆ ಬ್ಲೂಟೂತೇ ಇರಲಿಲ್ಲ. ಇಲ್ಲದ ತೋಟಕ್ಕೆ ಕಾವಲುಗಾರ! ಅವನನ್ನು ಕಳಿಸಿದಳು. ಪರದೆಯ ಮೇಲೆ ಹೂವಿನ ಚಿತ್ರವೊಂದಿತ್ತು. ಹೂವು ನೋಡಿ ಯಾವ ಲಾರಿ ಹಗುರಾಗಬೇಕು? ಅದೂ ಹೋಯಿತು. ಮೂಲೆಯಲ್ಲಿ ಗಡಿಯಾರ, "ಗೋಡೆ ಮೇಲೆ ಇದೆಯಲ್ಲ", ಹೋಯಿತು. ಮೆನು, "ನನಗೆ ಬಾಯಿಪಾಠ ಆಗಿದೆ", ಹೋಯಿತು. ಕೆಳಗಿನ ಪಟ್ಟಿ, ಚಿಕ್ಕಚಿಕ್ಕ ಚಿತ್ರಗಳು, ಹೆಸರು ಪಾಸ್‌ವರ್ಡು ಕೇಳುವ ಬಾಗಿಲು, ಕೊನೆಗೆ ಮೌಸಿನ ಬಾಣ ಕೂಡ. ಡೆಸ್ಕ್‌ಟಾಪ್ ಅನ್ನುವುದನ್ನೇ ಪೂರ್ತಿ ಕಿತ್ತು, ಕಿಟಕಿ ತೆರೆಯುವ ಒಂದು ಬಡಕಲು ಪ್ರೋಗ್ರಾಮನ್ನು ಮಾತ್ರ ಉಳಿಸಿಕೊಂಡಳು. ಸಾಲದೆಂದು, ಸದ್ಯಕ್ಕೆ ಬೇಡದ್ದನ್ನು ಒತ್ತಿ ಮಡಚಿ ಮೆಮೊರಿಯ ಒಂದು ಮೂಲೆಯಲ್ಲೇ ಜೋಡಿಸಿಡುವ ಉಪಾಯವನ್ನೂ ಹಾಕಿದಳು. ಅಂದಿನಿಂದ ಮೆಮೊರಿ ಸಾಲದೆ ಡಿಸ್ಕು ಕೆರೆದುಕೊಳ್ಳುವ ಸದ್ದು ನಿಂತಿತು.

ಆಮೇಲೆ ನೋಡಬೇಕಿತ್ತು ಅದರ ಓಟ! ಒಂದು ಕೀಲಿ ಒತ್ತಿದರೆ ತುಂಬಿದ ಲಾರಿ, ಪಕ್ಕದ್ದು ಖಾಲಿ ಲಾರಿ, ಅದರ ಪಕ್ಕದ್ದು ಚೀಟಿ. ಚಾಲಕ ಬ್ರೇಕಿನ ಮೇಲೆ ಕಾಲಿಡುವುದರೊಳಗೆ ಚೀಟಿ ಕಿಂಡಿಯಲ್ಲಿ ನಾಲಿಗೆ ಚಾಚಿರುತ್ತಿತ್ತು. ಇನ್ನೂ ಬರದ ಲಾರಿಗೂ ಚೀಟಿ ಹೊಡೆದಿಡುತ್ತಾಳೆ ಎಂದು ಮೇಸ್ತ್ರಿ ಊರೆಲ್ಲ ಹೇಳಿಕೊಂಡು ಬಂದ. ಯಜಮಾನರು ಖುಷಿಯಾಗಿ, ಇನ್ನು ಹತ್ತು ವರ್ಷ ಹೊಸ ಕಂಪ್ಯೂಟರಿನ ಮಾತಿಲ್ಲ ಎಂದರು. ತೂಕದಕ್ಕ ಹೆಮ್ಮೆಯಿಂದ ಉಬ್ಬಿದಳು. ಉಬ್ಬಿದ್ದರಿಂದ ಅವತ್ತು ಗೂಡಿನ ಬಾಗಿಲು ಹಾಕಲಾಗಲಿಲ್ಲ.

ಕಂಪ್ಯೂಟರಿನಿಂದ ತೆಗೆದುಹಾಕಿದ್ದೆಲ್ಲ ಎಲ್ಲಿ ಹೋಯಿತೆಂದು ಆಗ ಯಾರೂ ಕೇಳಲಿಲ್ಲ. ಅದೆಲ್ಲ ಅವಳ ತಲೆಯೊಳಗೆ ಹೋಗಿ ಕೂತಿತ್ತು. ಯಾವ ಕೀಲಿಗೆ ಏನಾಗುತ್ತದೆ, ಪ್ರಿಂಟರು ಮುನಿಸಿಕೊಂಡರೆ ಯಾವ ಎರಡು ಕೀಲಿ ಜೊತೆಯಲ್ಲಿ ಒತ್ತಬೇಕು, ಒಂದನ್ನೂ ಪರದೆ ಹೇಳುತ್ತಿರಲಿಲ್ಲ. ಪರದೆ ಯಾವಾಗಲೂ ಕಪ್ಪು. ಅವಳಿಗೆ ಅದು ತೆರೆದ ಬಾಗಿಲು. ಬೇರೆಯವರಿಗೆ ಗೋಡೆ.

ಇದು ಗೊತ್ತಾದದ್ದು ಮಗಳ ಶಾಲೆಯ ಕಾರ್ಯಕ್ರಮದ ದಿನ. ಮಗಳು ಮೂರನೇ ತರಗತಿ. ತೂಕದ ಕಟ್ಟೆ ಇದ್ದದ್ದು ಊರಾಚೆಯ ಹೆದ್ದಾರಿಯಲ್ಲಿ. ಅಲ್ಲಿ ಶಾಲೆಯಿಲ್ಲ, ಪಕ್ಕದ ಮನೆಯಿಲ್ಲ, ಪಕ್ಕವೇ ಇಲ್ಲ. ಗಂಡ ದೂರದ ದಾರಿಯ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ಹೆಚ್ಚಾಗಿ ರಸ್ತೆಯಲ್ಲಿರುತ್ತಿದ್ದ. ಹಾಗಾಗಿ ಮಗಳು ಪೇಟೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಕಾರ್ಯಕ್ರಮಕ್ಕೆ ಬರಲೇಬೇಕೆಂದು ಅವಳು ಆಣೆ ಹಾಕಿಸಿಕೊಂಡಿದ್ದಳು. ತೂಕದಕ್ಕ ಮೇಸ್ತ್ರಿಯನ್ನು ಕುರ್ಚಿಯಲ್ಲಿ ಕೂರಿಸಿ, ಮೂರು ಕೀಲಿ ತೋರಿಸಿ, ಬಸ್ಸು ಹತ್ತಿ ಬಂದು ಎರಡನೇ ಸಾಲಿನಲ್ಲಿ ಕೂತಿದ್ದಳು. ಇನ್ನೇನು ಮಗಳ ಸರದಿ ಎನ್ನುವಾಗ ಫೋನು ಬಡಿದುಕೊಂಡಿತು.

"ಅಕ್ಕಾ, ಕಂಪ್ಯೂಟರ್ ಆನೇ ಆಗ್ತಿಲ್ಲ!"

"ಏನ್ ಕಾಣಿಸ್ತಿದೆ?"

"ಏನೂ ಇಲ್ಲ. ಕಪ್ಪಗಿದೆ."

"ಕಪ್ಪಗಿದ್ರೆ ಆನ್ ಆಗಿದೆ ಅಂತ ಅರ್ಥ ಮೇಸ್ತ್ರಿ!"

"ಓ. ಆಫ್ ಆಗಿದೆ ಅನ್ಕೊಂಡು ನಾನು ಗುಂಡಿ ಒತ್ಬಿಟ್ಟೆನಲ್ಲ… ಹಾಗಾದ್ರೆ ಆಫ್ ಆದ್ರೆ ಹೇಗಿರತ್ತೆ?"

"ಆಗ್ಲೂ ಕಪ್ಪಗೇ ಇರತ್ತೆ!"

ಕೊನೆಯ ಮಾತು ಸ್ವಲ್ಪ ಜೋರಾಯಿತು. ಇಡೀ ಸಭಾಂಗಣ ತಿರುಗಿ ನೋಡಿತು. ಮುಖ್ಯ ಅತಿಥಿಗಳು ಭಾಷಣ ನಿಲ್ಲಿಸಿ, ತಮಗೆ ಹೇಳಿದ್ದೋ ಎಂದು ತಮ್ಮ ಕೋಟು ನೋಡಿಕೊಂಡರು. ಮೇಸ್ತ್ರಿ ಮೂರು ಸಲ ಆನ್ ಮಾಡಿ ನಾಲ್ಕು ಸಲ ಆಫ್ ಮಾಡಿದ್ದ. ಹೆದ್ದಾರಿಯಲ್ಲಿ ಲಾರಿಗಳ ಸಾಲು ಪಕ್ಕದ ರಾಜ್ಯಕ್ಕೆ ಮುಟ್ಟಿತ್ತಂತೆ. ಯಜಮಾನರೇ ಫೋನ್ ಹಿಡಿದು, "ಇವತ್ತೊಂದಿನ ಬಂದ್ಬಿಡು ತಾಯಿ" ಎಂದರು. ಮಗಳು ವೇದಿಕೆಗೆ ಬಂದಾಗ ಎರಡನೇ ಸಾಲಿನ ಕುರ್ಚಿ ಖಾಲಿಯಿತ್ತು.

ಮಗಳು ಜಗಳವಾಡಿದ್ದರೆ ಚೆನ್ನಾಗಿತ್ತು. ಜಗಳವಾಡಲಿಲ್ಲ. "ಪರವಾಗಿಲ್ಲ ಅಮ್ಮ, ಚಿಕ್ಕಮ್ಮ ನೋಡಿದ್ರು" ಎಂದಳು.

ಆಮೇಲೆ ಒಂದು ಸಂಜೆ ಲಾರಿಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಾಗ ತೂಕದಕ್ಕ ಫೋನ್ ಮಾಡಿದ್ದಳು. ಮಗಳು ಶಾಲೆಯ ಸುದ್ದಿ ಹೇಳುತ್ತ ಹೇಳುತ್ತ ಮಧ್ಯದಲ್ಲಿ, "ಅಮ್ಮಾ, ನೀರು" ಎಂದಳು.

"ಹಾಂ ಪುಟ್ಟಿ" ಎಂದಳು ತೂಕದಕ್ಕ, ಗಾಜಿನ ಗೂಡಿನಲ್ಲಿ, ಕೈ ಅರ್ಧ ಎತ್ತಿ.

ಅಲ್ಲಿ ಅಡುಗೆಮನೆಯಿಂದ "ತರ್ತೀನಿ ತಾಳು" ಎಂದಿತು ತಂಗಿಯ ದನಿ. ಲೋಟದ ಸದ್ದು. ಫೋನ್ ತೆಗೆದುಕೊಂಡ ತಂಗಿ, "ಅಭ್ಯಾಸ ಆಗಿಬಿಟ್ಟಿದೆ ಅಕ್ಕ… ಬೇಜಾರು ಮಾಡ್ಕೋಬೇಡ" ಎಂದಳು. ತಂಗಿಯದೇನೂ ತಪ್ಪಿರಲಿಲ್ಲ. ನೀರು ಕೇಳಿದ ಮಗುವಿಗೆ ನೀರು ಕೊಟ್ಟಿದ್ದಳು. ತೂಕದಕ್ಕ ಎತ್ತಿದ ಕೈಯನ್ನು ಇಳಿಸಿ ಖಾಲಿ ಲಾರಿಯ ಕೀಲಿ ಒತ್ತಿದಳು. ಲಾರಿ ಇನ್ನೂ ಬಂದಿರಲಿಲ್ಲ.

ಮಾರನೇ ದಿನ ಯಜಮಾನರ ಮುಂದೆ ನಿಂತಳು. ಅವರ ಪೇಟೆ ಆಫೀಸಿನಲ್ಲಿ ಲೆಕ್ಕ ಬರೆಯುವ ಕುರ್ಚಿ ಖಾಲಿಯಿತ್ತು. ಅಲ್ಲಿಂದ ತಂಗಿಯ ಮನೆ ಎರಡು ಬೀದಿ. ಅಲ್ಲೇ ಒಂದು ಚಿಕ್ಕ ಮನೆ ಮಾಡಿದರೆ ಮಗಳು ತನ್ನ ಜೊತೆಗೇ.

"ನಾನೇನು ತಡೀತೀನಾ ತಾಯಿ?" ಎಂದರು ಯಜಮಾನರು, ತಡೆಯುವವರು ಯಾವಾಗಲೂ ಶುರುಮಾಡುವ ಹಾಗೆ. "ಒಬ್ಬರನ್ನ ತಯಾರು ಮಾಡು. ನೀನು ಒಳಗೆ ಕಾಲಿಡದೆ ಒಂದು ದಿನ ಪೂರ್ತಿ ತೂಕ ನಡೀಲಿ. ಮಾರನೇ ದಿನದಿಂದ ಪೇಟೆ ಕುರ್ಚಿ ನಿಂದು. ನಮ್ಮ ಷಡ್ಡಕ ಮನೇಲಿ ಸುಮ್ನೆ ಕೂತಿದ್ದಾನೆ, ಅವನನ್ನೇ ಕಳಿಸ್ತೀನಿ."

ಷಡ್ಡಕ ಎಂದರೆ ಯಜಮಾನರ ಹೆಂಡತಿಯ ತಂಗಿಯ ಗಂಡ. ಅವನು ಅಂಗಡಿ ಇಟ್ಟ ಬೀದಿಯಲ್ಲಿ ಜನ ಓಡಾಡುವುದನ್ನೇ ಬಿಡುತ್ತಿದ್ದರು. ಕೊಡೆ ವ್ಯಾಪಾರ ಶುರುಮಾಡಿದ ವರ್ಷ ಮೋಡ ಆ ಕಡೆ ತಲೆ ಹಾಕಲಿಲ್ಲ. ಆದರೆ ಒಳ್ಳೆಯ ಮನುಷ್ಯ. ಮೊದಲ ದಿನ ಬಂದು ಕಪ್ಪು ಪರದೆಯ ಮುಂದೆ ಕೂತು, ಬೆರಳಿನಿಂದ ಅದನ್ನು ಮೇಲೆ ಕೆಳಗೆ ಉಜ್ಜಿದ.

"ಅಣ್ಣ, ಅದು ಫೋನಲ್ಲ."

"ಗೊತ್ತು ಅಕ್ಕ. ಧೂಳು ಒರೆಸ್ತಿದ್ದೆ." ಸ್ವಲ್ಪ ಹೊತ್ತಾದ ಮೇಲೆ, "ಇದರಲ್ಲಿ ಎಲ್ಲಿ ನೋಡ್ಬೇಕು?"

"ನೋಡೋದೇನೂ ಇಲ್ಲ. ಒತ್ತೋದಷ್ಟೇ."

"ಒತ್ತಿದ್ದು ಸರಿ ಅಂತ ಹೇಗೆ ಗೊತ್ತಾಗತ್ತೆ?"

"ಏನೂ ಆಗ್ಲಿಲ್ಲ ಅಂದ್ರೆ ಸರಿ."

ಷಡ್ಡಕ ಬೆವರಿದ. ತೂಕದಕ್ಕ ತಿಂಗಳಾನುಗಟ್ಟಲೆ ಹೇಳಿಕೊಟ್ಟಳು. ಅವನು ಬೆಳಗ್ಗೆ ಕಲಿತದ್ದನ್ನು ಮಧ್ಯಾಹ್ನ ಮರೆತು, ಮಧ್ಯಾಹ್ನ ಕಲಿತದ್ದನ್ನು ಅಲ್ಲೇ ಮರೆಯುತ್ತಿದ್ದ. ಒಮ್ಮೆ ಯಾವುದೋ ಕೀಲಿ ಒತ್ತಿ, ಒಂದೇ ಲಾರಿಗೆ ಚೀಟಿಯ ಮೇಲೆ ಚೀಟಿ ಹೊಡೆದು, ಗೂಡಿನೊಳಗೆ ಕಾಗದ ಕತ್ತಿನವರೆಗೆ ಬಂದು, ಹಮಾಲಿಗಳು ಸಲಿಕೆ ತಂದು ಅವನನ್ನು ಅಗೆದು ತೆಗೆದರು. ಪ್ರತಿ ಸಲವೂ ಯಜಮಾನರ ಒಂದೇ ಮಾತು: "ಇರಲಿ ತಾಯಿ, ಅವಸರ ಏನಿದೆ? ಅಲ್ಲಿವರೆಗೆ ನೀನಿದ್ದೀಯಲ್ಲ."

ಒಂದು ದಿನ ಮಧ್ಯಾಹ್ನ ಗಂಡನ ಲಾರಿ ಬಂತು. ಅವರಿಬ್ಬರ ಸಂಸಾರದ ಮಾತುಕತೆಯೆಲ್ಲ ಆ ಕಿಂಡಿಯಲ್ಲೇ ನಡೆಯುತ್ತಿತ್ತು, ಹಿಂದಿನ ಲಾರಿಯವನ ತಾಳ್ಮೆ ಇರುವಷ್ಟು ಹೊತ್ತು.

"ಏನೇ, ಮುಖ ಯಾಕೆ ಹಾಗಿದೆ?"

"ತುಂಬಿದ್ದಾ, ಖಾಲೀನಾ?"

"ನಾನಾ, ಲಾರೀನಾ?"

"ತಮಾಷೆ ಸಾಕು ರೀ. ಆ ಅಣ್ಣನಿಗೆ ಕಲಿಸಿ ಕಲಿಸಿ ನನ್ನ ಪ್ರಾಣ ಹೋಗ್ತಿದೆ. ಕಪ್ಪು ಪರದೆ ನೋಡಿದ್ರೆ ಅವನಿಗೆ ಕೀಲೀನೇ ಮರೆತುಹೋಗತ್ತೆ."

"ಕಾಣೋ ಹಾಗೆ ಏನಾದ್ರೂ ಹಾಕು. ಗುಂಡಿ, ಹೆಸರು, ಅದೂ ಇದೂ."

"ಹಾಕಿದ್ರೆ ನಿಧಾನ ಆಗತ್ತೆ."

"ಆಗ್ಲಿ."

"ಆಗ್ಲಿ ಅಂತೆ! ಒಂದೊಂದು ಎಂಬಿಗೂ ನಾನು ಎಷ್ಟು ಒದ್ದಾಡಿದ್ದೀನಿ ಅಂತ ನಿಮಗೇನು ಗೊತ್ತು? ಈ ಕಟ್ಟೆ ಮೇಲೆ ಲಾರಿ ನಿಲ್ಲೋದೇ ಇಲ್ಲ ಅಂತ ಹೆಸರಿದೆ ನನಗೆ."

ಹಿಂದೆ ಹಾರ್ನು. ಗಂಡ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. "ಸರಿ ಹಾಗಾದ್ರೆ. ಯಂತ್ರ ಚೆನ್ನಾಗಿ ಓಡ್ಲಿ. ಮಗಳು ಅಲ್ಲೇ ಬೆಳೀಲಿ." ಸಿಟ್ಟಿನಿಂದೇನೂ ಹೇಳಲಿಲ್ಲ. ಗೇರು ಹಾಕಿ ಹೊರಟುಹೋದ.

ತೂಕದಕ್ಕ ಆ ದಿನವೆಲ್ಲ ಕೀಲಿಗಳನ್ನು ಗುದ್ದಿ ಗುದ್ದಿ ಚೀಟಿ ಹೊಡೆದಳು. ಚಾಲಕರು ಹೆದರಿ, ಹಾರ್ನಿನ ಬದಲು ಕೆಮ್ಮಿದರು.

ಮರುದಿನ ಒಂದೊಂದನ್ನೇ ವಾಪಸ್ಸು ಕರೆಸಿಕೊಂಡಳು. ಮೊದಲು ಮೌಸಿನ ಬಾಣ. ಆಮೇಲೆ ಕೆಳಗೊಂದು ಪಟ್ಟಿ. ಆಮೇಲೆ ಪರದೆಯ ನಡುವೆ ಅಂಗೈಯಗಲದ ಮೂರು ಗುಂಡಿ: ಹಸಿರು ಬಣ್ಣದಲ್ಲಿ "ತುಂಬಿದ ಲಾರಿ", ಹಳದಿಯಲ್ಲಿ "ಖಾಲಿ ಲಾರಿ", ನೀಲಿಯಲ್ಲಿ "ಚೀಟಿ ಹೊಡಿ". ಪ್ರಿಂಟರು ಮುನಿಸಿಕೊಂಡರೆ ಎಂದು ನಾಲ್ಕನೆಯದು, ಕೆಂಪು: "ಪ್ರಿಂಟರ್ ಸರಿಮಾಡು". ಒಂದೊಂದು ಸೇರಿಸಿದಾಗಲೂ ಆ ನುಂಗುವವರ ಪಟ್ಟಿ ತೆರೆದು ನೋಡುವಳು. ಅಂಕಿ ಏರಿದಾಗ ಯಾರೋ ತನ್ನ ತಟ್ಟೆಗೆ ಕೈ ಹಾಕಿದ ಹಾಗಾಗುತ್ತಿತ್ತು. ಕೊನೆಗೆ ನೋಡಿದರೆ ಗುಂಡಿಗಳು ತಿಂದದ್ದು ಅಷ್ಟೇನೂ ಹೆಚ್ಚಿರಲಿಲ್ಲ. ಮೊದಲು ಚೀಟಿ ಚಿಟಿಕೆ ಹೊಡೆಯುವಷ್ಟರಲ್ಲಿ ಬರುತ್ತಿತ್ತು, ಈಗ ಒಂದು ಸೀನು ಸೀನುವಷ್ಟು. ಆ ಒಂದು ಸೀನಿಗಾಗಿ ಅವಳು ಮೂರು ರಾತ್ರಿ ನಿದ್ದೆ ಮಾಡಲಿಲ್ಲ.

ಷಡ್ಡಕನ ಮುಖ ಮಾತ್ರ ಅರಳಿ ಗೂಡಿಗೆ ಬೆಳಕಾಯಿತು.

"ಅಕ್ಕಾ! ಇದು ಆನ್ ಆಗಿದೆ!"

"ಮೊದ್ಲೂ ಆನ್ ಆಗಿತ್ತು."

"ಮೊದ್ಲು ಅದು ನಿಮಗೆ ಮಾತ್ರ ಆನ್ ಆಗಿತ್ತು ಅಕ್ಕ." ಆಮೇಲೆ ತಲೆ ಕೆರೆದುಕೊಂಡು, "ಹಿಂದುಗಡೆ ನನ್ನದೊಂದು ಫೋಟೋ ಹಾಕ್ತೀರಾ? ಕೋಟ್ ಹಾಕಿರೋದು?"

ಹಾಕಿದಳು. ಮೆಮೊರಿ ಉಳಿಸಲು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ, ಬಣ್ಣ ತೆಗೆದು. ಕೋಟು ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ ತಿಳಿಯುತ್ತಿರಲಿಲ್ಲ. ಷಡ್ಡಕನಿಗೆ ಅಷ್ಟೇ ಸಾಕಿತ್ತು. ಮಾರನೇ ದಿನ ಆಟದ ಸ್ಕೋರು ನೋಡಲು ಬ್ರೌಸರು ತೆರೆದ. ಕಂಪ್ಯೂಟರು ಒಂದು ಸಲ ಕೆಮ್ಮಿ, ಎರಡು ಸಲ ನರಳಿ, ಕಲ್ಲಾಯಿತು. ತೂಕದಕ್ಕ ಬ್ರೌಸರನ್ನೇ ಕಿತ್ತು ಬಿಸಾಕಿದಳು. "ಸ್ಕೋರ್ ನಿನ್ನ ಫೋನಲ್ಲಿ ನೋಡು ಅಣ್ಣ. ಇದು ಲಾರಿ ಹೊರೋ ಪ್ರಾಣಿ. ಇದರ ಮೇಲೆ ನೀನೂ ಹತ್ತಬೇಡ."

ಪರೀಕ್ಷೆಯ ದಿನ ಬಂತು. ತೂಕದಕ್ಕ ಬಟ್ಟೆಯ ಚೀಲ ಕಟ್ಟಿಕೊಂಡು, ಗೂಡಿನ ಹೊರಗೆ ಗೋಡೆಯ ಪಕ್ಕದ ಕಲ್ಲಿನ ಮೇಲೆ ಕೂತಳು. ಒಳಗೆ ಷಡ್ಡಕ. ಅವನ ಒಂದು ಕೈ ಮೌಸಿನ ಮೇಲೆ, ಇನ್ನೊಂದು ಎದೆಯ ಮೇಲೆ. ಮೊದಲ ಲಾರಿ ಬಂತು. ಷಡ್ಡಕ ಹಸಿರು ಗುಂಡಿ ಹುಡುಕಿದ. ಅದು ಪರದೆಯ ಮಧ್ಯದಲ್ಲೇ ಇತ್ತು. ಅವನು ಅಂಚಿನಿಂದ ಹುಡುಕುತ್ತ ಬಂದ. ಸಿಕ್ಕಿತು. ಒತ್ತಿದ. ಸರಿಯಾಗೇ ಒತ್ತಿದೆನಾ ಎಂದು ನೋಡಿದ. ಮತ್ತೆ ನೋಡಿದ. ಲಾರಿ ಒಳಗೆ ಹೋಯಿತು. ತೂಕ ಸರಿಯಿತ್ತು. ಆದರೆ ಅಷ್ಟರಲ್ಲಿ ಹಿಂದೆ ಒಂದು ಸಾಲು ಬೆಳೆದಿತ್ತು.

"ತೂಕದಕ್ಕಾ, ಅಲ್ಲಿ ಕೂತು ಏನ್ ಮಾಡ್ತಿದ್ದೀರಿ? ಒಳಗೆ ಬನ್ನಿ!" ಎಂದು ಕೂಗಿದ ಒಬ್ಬ ಚಾಲಕ.

"ಅಕ್ಕ, ಈ ಮನುಷ್ಯ ತೂಕ ನೋಡ್ತಿದ್ದಾನೋ, ಮದುವೆಗೆ ಹೆಣ್ಣು ನೋಡ್ತಿದ್ದಾನೋ?"

ತೂಕದಕ್ಕ ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಬೆರಳುಗಳು ಕಲ್ಲಿನ ಮೇಲೇ ಕೀಲಿ ಒತ್ತುತ್ತಿದ್ದವು. ಬಿಸಿಲೇರುವ ಹೊತ್ತಿಗೆ ಸಾಲು ಗೇಟು ದಾಟಿತು, ಹೆದ್ದಾರಿ ಹತ್ತಿತು, ಎರಡು ಸಾಲಾಯಿತು. ಮೇಸ್ತ್ರಿ ಎರಡು ಸಲ ಬಂದು ಸಾಲಿನ ಕಡೆ ಕೈ ತೋರಿಸಿ ಹೋದ. ಕೊನೆಗೆ ಫೋನು.

"ತಾಯಿ, ನಾನು. ನನಗೆ ಐದು ಜನ ಫೋನ್ ಮಾಡಿದ್ರು. ಇವತ್ತೊಂದಿನ ಒಳಗೆ ಹೋಗ್ಬಿಡು. ಪರೀಕ್ಷೆ ಮುಂದಿನ ತಿಂಗಳು ಮಾಡೋಣ."

"ತೂಕ ತಪ್ಪಿದೆಯಾ ಯಜಮಾನ್ರೆ?"

"ತಪ್ಪಿಲ್ಲ. ನಿಧಾನ ಆಗಿದೆ. ನೀನಿದ್ದಿದ್ರೆ ಇಷ್ಟು ಹೊತ್ತಿಗೆ ಸಾಲೇ ಇರ್ತಿರಲಿಲ್ಲ."

ಅಲ್ಲಿ ಸಿಕ್ಕಿಬಿದ್ದಳು. ಅವಳಷ್ಟು ಬೇಗ ಮಾಡುವವನು ಭೂಮಿಯ ಮೇಲೆ ಹುಟ್ಟಿ ಬೆಳೆದು ಬರುವವರೆಗೆ ಮುಂದಿನ ತಿಂಗಳು ಮುಗಿಯುವುದಿಲ್ಲ. ಆ ಅಳತೆಗೋಲು ಕೆತ್ತಿದ್ದು ಅವಳದೇ ಕೈ. ಎದ್ದು ನಿಂತಳು. ಗೂಡಿನ ಬಾಗಿಲಿಗೆ ಕೈ ಹಾಕಿದಳು ಕೂಡ. ಒಳಗಿನಿಂದ ಷಡ್ಡಕ ತಿರುಗಿ ನೋಡಿದ, ಶಾಲೆಯ ಮಗು ಬಾಗಿಲಲ್ಲಿ ಅಮ್ಮನನ್ನು ಕಂಡ ಹಾಗೆ. ಇನ್ನೊಂದು ಹೆಜ್ಜೆಯಿಟ್ಟಿದ್ದರೆ ಅವನು ಕುರ್ಚಿ ಬಿಟ್ಟು ಏಳುತ್ತಿದ್ದ, ಅವಳು ಕೂರುತ್ತಿದ್ದಳು, ಅಷ್ಟೇ.

ಆಗ ಹಲಗೆಯ ಮೇಲೆ ಬಂದು ನಿಂತದ್ದು ಗಂಡನ ಲಾರಿ, ಜೋಳ ಇಳಿಸಿ ಪೇಟೆಯ ಕಡೆ ಹೊರಟದ್ದು.

"ಹತ್ತು" ಎಂದ ಗಂಡ ಮೇಲಿನಿಂದ.

"ಈಗ ಹತ್ತೋ ಹಾಗಿಲ್ಲ. ತೂಕದಲ್ಲಿ ನನ್ನದೂ ಸೇರಿಬಿಡತ್ತೆ. ಯಾರದೋ ಜೋಳ ನನ್ನಷ್ಟು ಕಮ್ಮಿ ಆಗತ್ತೆ."

"ನೀನೇನು ಮಹಾ ಭಾರ?"

"ಚೀಟಿ ಬರ್ಲಿ, ಹತ್ತೀನಿ."

ಬಾಗಿಲಿನಿಂದ ಕೈ ತೆಗೆದು, ಚೀಲ ಎತ್ತಿಕೊಂಡು, ಕಿಂಡಿಯ ಪಕ್ಕ ಗಾಜಿಗೆ ಬೆನ್ನು ಮಾಡಿ ನಿಂತಳು. ಬೆನ್ನ ಹಿಂದೆ ಷಡ್ಡಕನ ದನಿ ಕಿಂಡಿಯಿಂದ ತೂರಿ ಬಂತು.

"ಅಕ್ಕಾ, ಪ್ರಿಂಟರ್ ನಿಂತುಹೋಯ್ತು."

ಅವಳಿಗೆ ಗೊತ್ತಿತ್ತು. ಆ ಎರಡು ಕೀಲಿ. ಕಣ್ಣು ಮುಚ್ಚಿಕೊಂಡು ಒತ್ತಬಲ್ಲಳು.

"ಪರದೆ ಮೇಲೆ ಏನ್ ಬರೆದಿದೆ, ಓದು ಅಣ್ಣ."

"ತುಂಬಿದ ಲಾರಿ. ಖಾಲಿ ಲಾರಿ. ಚೀಟಿ ಹೊಡಿ…" ಕುರ್ಚಿ ಕಿರ್ ಎಂದಿತು. "ಪ್ರಿಂಟರ್ ಸರಿಮಾಡು."

"ಓದಿದ್ಯಲ್ಲ."

ಹಿಂದೆ ಹಾರ್ನುಗಳು ಒಂದಾಗಿ, ಆಕಾಶಕ್ಕೊಂದು ತೂತು ಕೊರೆದವು. ಆ ಸದ್ದಿನ ನಡುವೆ ಪ್ರಿಂಟರು ಒಮ್ಮೆ ಗಂಟಲು ಸರಿಮಾಡಿಕೊಂಡು ಕರಕರ ಎಂದಿತು. ಕಿಂಡಿಯಲ್ಲಿ ಚೀಟಿಯ ತುದಿ ಕಂಡಿತು. ತೂಕದಕ್ಕ ಅದನ್ನು ತೆಗೆದು, ಎಂದಿನ ಅಭ್ಯಾಸದಂತೆ ಅಂಕಿಗಳ ಮೇಲೆ ಕಣ್ಣಾಡಿಸಲು ಹೋಗಿ, ಆಡಿಸದೆ ಮಡಚಿ ಗಂಡನ ಕೈಗೆ ಕೊಟ್ಟು, ಲಾರಿ ಹತ್ತಿದಳು.

ಲಾರಿ ಹಲಗೆ ಇಳಿದು ಗೇಟಿನ ಹತ್ತಿರ ಬಂದು ನಿಂತಿತು. ಮುಂದೆ ದಾರಿಯಿರಲಿಲ್ಲ. ಷಡ್ಡಕನ ಪುಣ್ಯದಿಂದ ಎರಡು ಸಾಲಾಗಿದ್ದ ಲಾರಿಗಳು ಒಳಬರುವ ದಾರಿ, ಹೊರಹೋಗುವ ದಾರಿ ಎರಡನ್ನೂ ನುಂಗಿದ್ದವು. ಒಂದು ಲಾರಿ ಎದುರಿಗೆ ಮೂತಿಗೆ ಮೂತಿ ತಾಗಿಸಿ ನಿಂತಿತ್ತು. ಅದರ ಚಾಲಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಕೂಗಿದ: "ಅಯ್ಯೋ, ತೂಕದಕ್ಕ ಓಡಿಹೋಗ್ತಿದ್ದಾರೆ ಕಣ್ರೋ!" ಸುದ್ದಿ ಲಾರಿಯಿಂದ ಲಾರಿಗೆ ಹಾರಿ, ಹೆದ್ದಾರಿಯ ತುದಿ ಮುಟ್ಟುವಷ್ಟರಲ್ಲಿ ಅವಳು ತೂಕದ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋಗುತ್ತಿದ್ದಳು.

ತೂಕದಕ್ಕ ಕಿಟಕಿಯ ಗಾಜು ಏರಿಸಿದಳು. ಮತ್ತೆ ಮೂರು ಕಡೆ ಗಾಜು. ಫೋನು ಬಂತು.

"ಎಲ್ಲಿದ್ದೀಯಾ ತಾಯಿ? ಒಳಗೆ ಹೋದ್ಯಾ?"

"ಇಲ್ಲ ಯಜಮಾನ್ರೆ. ನಾನು ಪೇಟೆಗೆ ಬಂದಾಯ್ತು."

"ಬಂದಾಯ್ತಾ? ಅಷ್ಟು ಹಾರ್ನ್ ಕೇಳಿಸ್ತಿದೆ?"

"ಪೇಟೆ ಅಲ್ವಾ."

ಗಂಡ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗು ತಡೆದುಕೊಂಡ. ಯಜಮಾನರಿಗೆ ತೂಕ ತಪ್ಪಿದೆ ಎನ್ನಲು ತಪ್ಪಿರಲಿಲ್ಲ, ಕರೆಸೋಣ ಎನ್ನಲು ಅವಳು ಕೈಗೆ ಸಿಗುವ ಕಡೆ ಇರಲಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು, "ಸರಿ. ನಾಳೆ ಬೆಳಗ್ಗೆ ಆಫೀಸಿಗೆ ಬಾ" ಎಂದರು. ಆಮೇಲೆ, ಆಗಷ್ಟೇ ನೆನಪಾದವರ ಹಾಗೆ, "ಇಲ್ಲೂ ಒಂದು ಕಂಪ್ಯೂಟರ್ ಇದೆ. ಅದಕ್ಕಿಂತ ಹಳೇದು. ನಿಧಾನ ಅಂದ್ರೆ ನಿಧಾನ. ಬಂದು ಸ್ವಲ್ಪ ನೋಡು ತಾಯಿ."

ಅವಳ ಬೆರಳುಗಳು ಚೀಲದ ಮೇಲೆ ತಾವಾಗಿಯೇ ಅಲುಗಿದವು. ಅದನ್ನು ಗಂಡ ನೋಡಿದ. ಅವನು ನೋಡಿದ್ದನ್ನು ಅವಳು ನೋಡಿದಳು.

"ಪುಟ್ಟೀನ ಶಾಲೆಯಿಂದ ಕರ್ಕೊಂಡು ಬರೋ ಹೊತ್ತಿಗೆ ನಾನು ಎದ್ದು ಹೋಗ್ತೀನಿ ಯಜಮಾನ್ರೆ. ಅದರೊಳಗೆ ಎಷ್ಟಾಗತ್ತೋ ಅಷ್ಟು" ಎಂದು ಫೋನಿಟ್ಟಳು.

ಹಿಂದೆ ದೂರದಲ್ಲಿ ಗೂಡಿನಿಂದ ಕರಕರ ಸದ್ದು ಬಂತು. ಎಷ್ಟೋ ಹೊತ್ತಾದ ಮೇಲೆ ಇನ್ನೊಮ್ಮೆ ಬಂತು. ಎದುರಿನ ಲಾರಿ ಗುರ್ ಎಂದು, ಪಕ್ಕಕ್ಕೆ ಒಂದು ಮೂತಿಯಷ್ಟು ಸರಿಯಿತು.

"ಇನ್ನೊಂದು ಚೀಟಿ ಹೊಡೆದ್ರೆ ಸಾಲು ಮುಂದೆ ಸರಿಯತ್ತೆ, ನಾವು ತೂರಬಹುದು" ಎಂದ ಗಂಡ.

"ಹೊಡೀತಾನೆ" ಎಂದಳು ತೂಕದಕ್ಕ. ಹಿಂತಿರುಗಿ ನೋಡಲಿಲ್ಲ. ಇಬ್ಬರೂ ಕಿವಿಗೊಟ್ಟು ಕಾಯುತ್ತ ಕೂತರು.